ಲಾವಂಚವನ್ನು ಅಂಗಳದಂಚಿಗೆ ತನ್ನಿರಿ

ನಮ್ಮ ಕಾಸರಗೋಡು ಸೀಮೆಯ ಗುಡ್ಡೆಗಳಲ್ಲಿ ಈಗ ಮನೆ ಕಟ್ಟುವ ಕ್ರಮ ವಾಚಕರಿಗೆ ತಿಳಿದದ್ದೇ ಇದೆ. ಇಳಿಜಾರನ್ನು ಜೇಸಿಬಿಯಿಂದ ಕಡಿದು ಮಟ್ಟಸ ಮಾಡುವುದು; ಹಿಂದುಗಡೆ ಆಳೆರಡಾಳು ಎತ್ತರದ ದರೆಯನ್ನು ಬತ್ತಲೆ ಬಿಡುವುದು; ಕಡಿದ ಮಣ್ಣನ್ನು ಮುಂದಕ್ಕೆ ನೂಕಿ ಅದರ ಮೇಲೆ ಅಂಗಳ ಮಾಡುವುದು. ಒಕ್ಕಲಾದ ಮೇಲೆ ಅಂಗಳದ ಚೆಲುವಿಗೆಂದು ನರ್ಸರಿಯಿಂದ ಚಟ್ಟಿಗಳಲ್ಲಿ ಬಗೆಬಗೆಯ ಅಲಂಕಾರದ ಹುಲ್ಲುಗಳು ಬರುತ್ತವೆ: ಕೆಂಪು ಗರಿಯದು, ಬಿಳಿ ಪಟ್ಟೆಯದು, ಕೊಡೆಯಂತೆ ಬಿಚ್ಚಿಕೊಳ್ಳುವುದು. ಆಟಿಯ ಮಳೆ ಹಿಡಿದಾಗ ಚಟ್ಟಿಯ ಹುಲ್ಲು ಜಗಲಿಯಲ್ಲಿ ಸುಖವಾಗಿರುತ್ತದೆ. ಅಂಗಳದ ಅಂಚು ಮಾತ್ರ ಕೆಳಗಿನ ತೋಟಕ್ಕೆ ಇಳಿದಿರುತ್ತದೆ.

ಹುಲ್ಲು ಸಾಕುವ ಆಸೆಯನ್ನು ನಾವು ಹಳಿಯುವುದಿಲ್ಲ. ಸಾಕುವುದೇ ಆದರೆ ಅದು ಚಟ್ಟಿಯಿಂದ ಇಳಿದು ಅಂಗಳದಂಚಿನಲ್ಲಿ ನಿಲ್ಲಲಿ, ಮತ್ತು ಅದು ಲಾವಂಚವಾಗಿರಲಿ ಎಂಬುದಿಷ್ಟೇ ನಮ್ಮ ಅಭಿಪ್ರಾಯ.

ಲಾವಂಚವೆಂದರೆ ಬೇರಿನ ಕಟ್ಟೆಂದೇ ಹೆಚ್ಚಿನವರಿಗೆ ಗೊತ್ತು. ಕುಡಿಯುವ ನೀರಿನ ಹೂಜಿಗೆ ಹಾಕುವ ಬೇರು, ಬೇಸಗೆಯಲ್ಲಿ ಬಾಗಿಲಿಗೆ ಕಟ್ಟುವ ತಟ್ಟಿಯ ಬೇರು. ಮುಡಿವಾಳವೆಂದರೂ ಅದೇ, ನೆರೆಯ ಮಲಯಾಳಿಗರ ರಾಮಚ್ಚವೂ ಅದೇ. ಬೇರನ್ನು ಬಲ್ಲವರಲ್ಲಿ ಹುಲ್ಲನ್ನು ಕಂಡವರು ಕಡಿಮೆ. ಆಳೆತ್ತರಕ್ಕೆ ಬೆಳೆಯುವ ಒತ್ತಾದ ಬುಡ, ನೆಟ್ಟಗೆ ಎದ್ದು ತುದಿಯಲ್ಲಿ ಮಾತ್ರ ಬಾಗುವ ಸಪುರ ಗರಿ, ಹೂ ಬಿಟ್ಟರೆ ನೇರಳೆ ಛಾಯೆಯ ತೆನೆ. ವರ್ಷಕ್ಕೆ ಎರಡು ಮೂರು ಸಲ ಮೊಣಕಾಲೆತ್ತರಕ್ಕೆ ಸವರಿದರೆ ಸಾಲು ಹಸುರು ಪಾಗಾರದಂತೆ ನಿಲ್ಲುತ್ತದೆ. ಅಂದವೆಂಬುದು ಕಾಣುವವರ ಕಣ್ಣಿಗೆ ಬಿಟ್ಟದ್ದಾದರೂ, ಹಣ ಕೊಟ್ಟು ತಂದ ಚಟ್ಟಿಯ ಹುಲ್ಲಿಗಿಂತ ಇದು ಯಾವ ಬಗೆಯಲ್ಲಿ ಕಡಿಮೆಯೋ ನಮಗೆ ಕಾಣದು.

ಹುಲ್ಲನ್ನು ತೋಟದ ಹತ್ತಿರ ತಂದರೆ ಕಳೆಯಾಗಿ ಹಬ್ಬೀತೆಂಬ ಹೆದರಿಕೆ ಕೃಷಿಕರಿಗೆ ಸಹಜ. ಆ ಹೆದರಿಕೆ ಒಳ್ಳೆಯದೇ. ಲಂಟಾನ ನಮ್ಮ ದೇಶಕ್ಕೆ ಬಂದದ್ದು ಹೂದೋಟದ ಅಂದಕ್ಕಾಗಿಯೇ. ಅದು ಈಗ ಎಲ್ಲೆಲ್ಲಿದೆ ಎಂಬುದನ್ನು ಕಾಡಂಚಿನವರು ಬಲ್ಲರು. ಅಲಂಕಾರಕ್ಕೆ ಮಾರುವ ಕಾರಂಜಿ ಹುಲ್ಲಿನ ಹಸುರು ಜಾತಿ ಹವಾಯಿ ದ್ವೀಪಗಳಲ್ಲಿ ದೊಡ್ಡ ಪೀಡೆಯಾಗಿ ಕೂತಿದೆ. ಲಾವಂಚದಲ್ಲಿ ಈ ತೊಂದರೆ ಇಲ್ಲ. ದಕ್ಷಿಣ ದೇಶದಲ್ಲಿ ಬೆಳೆಸುವ ಜಾತಿ ತೆನೆ ಬಿಟ್ಟರೂ ಮೊಳೆಯುವ ಬೀಜ ಕಟ್ಟುವುದಿಲ್ಲ. ಗರಿಕೆಯಂತೆ ನೆಲದ ಮೇಲೆ ಬಳ್ಳಿ ಹರಿಯುವುದಿಲ್ಲ, ನೆಲದೊಳಗೆ ಗೆಡ್ಡೆ ಓಡಿಸುವುದೂ ಇಲ್ಲ. ನೆಟ್ಟಲ್ಲೇ ಇರುತ್ತದೆ. ಉತ್ತರ ಭಾರತದ ಕಾಡುಜಾತಿ ಬೀಜದಿಂದ ಹುಟ್ಟುತ್ತದೆ, ಆದುದರಿಂದ ದೂರದಿಂದ ತರಿಸುವ ಹಂಬಲ ಬೇಡ. ಇಲ್ಲಿಯೇ ಯಾರಲ್ಲಾದರೂ ಇರುವ ಬುಡದಿಂದ ಕಂದು ತೆಗೆದುಕೊಳ್ಳುವುದು ಕ್ಷೇಮ.

ಇನ್ನು ಬೇರಿನ ಮಾತು. ಬದಿಗೆ ಹರಡದೆ ನೇರ ಕೆಳಗೆ ಇಳಿಯುವ ಬೇರು ಇದು. ಒಳ್ಳೆಯ ನೆಲದಲ್ಲಿ ಒಂದೇ ವರ್ಷದಲ್ಲಿ 3 ಮೀಟರು ಇಳಿದದ್ದುಂಟು. ಎಳೆತವನ್ನು ತಾಳುವ ಅದರ ಬಲವನ್ನು ಅಳೆದವರು, ಅದು ಸಾಧಾರಣ ಉಕ್ಕಿನ ಬಲದ ಆರರಲ್ಲೊಂದು ಪಾಲು ಇದೆಯೆಂದಿದ್ದಾರೆ. ನೆಲದ ಮೇಲೆ ಒತ್ತಾದ ಬುಡಗಳ ಸಾಲು ಹರಿದು ಬರುವ ನೀರಿನ ಓಟವನ್ನು ಮುರಿದು, ಮಣ್ಣನ್ನು ಮೇಲುಗಡೆಯೇ ಕೂರಿಸಿ, ನೀರನ್ನಷ್ಟೇ ಸೋಸಿ ಬಿಡುತ್ತದೆ. ಫಿಜಿ ದ್ವೀಪದ ಕಬ್ಬಿನ ಗದ್ದೆಗಳಲ್ಲಿ ಜಾನ್ ಗ್ರೀನ್‌ಫೀಲ್ಡರು 1950ರ ದಶಕದಲ್ಲೇ ಇದನ್ನು ಮಾಡಿ ತೋರಿಸಿದ್ದರು. 1980ರ ದಶಕದಲ್ಲಿ ಅವರೂ ರಿಚರ್ಡ್ ಗ್ರಿಮ್‌ಶಾ ಅವರೂ ವಿಶ್ವಬ್ಯಾಂಕಿನ ಕೆಲಸದ ಮೇಲೆ ಭಾರತದಲ್ಲಿದ್ದು ಇದರ ಪ್ರಚಾರ ಕೈಕೊಂಡಾಗ ತಿಳಿದುಬಂದ ಸಂಗತಿ ಸ್ವಾರಸ್ಯದ್ದು: ವಯನಾಡಿನ ಗಡಿ ದಾಟಿದರೆ ಸಿಗುವ ಗುಂಡ್ಲುಪೇಟೆಯ ಒಕ್ಕಲಿಗರು ತಲೆಮಾರುಗಳಿಂದ ಹೊಲದ ಬದುಗಳಲ್ಲಿ ಲಾವಂಚವನ್ನು ಬೆಳೆಸಿಕೊಂಡೇ ಬಂದಿದ್ದರು. ಯಾರೂ ಅವರಿಗೆ ಪಾಠ ಹೇಳಿರಲಿಲ್ಲ.

ಆದರೆ ಲಾವಂಚ ನೆಟ್ಟರೆ ಗುಡ್ಡೆಯೇ ನಿಲ್ಲುತ್ತದೆಂದು ಹೇಳುವವರ ಮಾತನ್ನು ನಾವು ಒಪ್ಪುವುದಿಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ; ಯಾಕೆಂದರೆ ಹುಲ್ಲನ್ನು ನಂಬಿ ದರೆಯ ಬುಡದಲ್ಲಿ ಮಲಗುವವರು ಉಂಟಾಗಬಾರದು. ನಮ್ಮ ಗುಡ್ಡೆಗಳಲ್ಲಿ ಮೇಲೆ ಗಟ್ಟಿ ಮುರಕಲ್ಲಿನ ಹೊದಿಕೆ, ಅದರಡಿಯಲ್ಲಿ ಶೇಡಿಮಣ್ಣು. ಶೇಡಿ ಒಣಗಿದಾಗ ಕಲ್ಲು, ನೆನೆದಾಗ ಬೆಣ್ಣೆ. ಗುಡ್ಡೆಯ ಹೊಟ್ಟೆಯಲ್ಲಿ ನೀರಿದೆ ಎಂಬುದನ್ನು ಸುರಂಗ ತೋಡಿ ನೀರು ಕುಡಿದ ಜನಕ್ಕೆ ಬೇರೆ ಹೇಳಬೇಕಾಗಿಲ್ಲ. ವರ್ಷಕ್ಕೆ 3500 ಮಿಲಿಮೀಟರಿನ ಆಸುಪಾಸು ಮಳೆ, ಅದರ ಹೆಚ್ಚಿನ ಪಾಲು ನಾಲ್ಕು ತಿಂಗಳಲ್ಲಿ ಸುರಿಯುವ ಕಡೆ, ಶೇಡಿಯವರೆಗೆ ನೆಟ್ಟಗೆ ಕಡಿದ ದರೆ ಯಾವ ಹುಲ್ಲಿಗೂ ನಿಲ್ಲದು. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಬಂತು. ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ, ಚೂರಲ್ಮಲೆಗಳ ಮೇಲೆ ಮಲೆಯೇ ಇಳಿಯಿತು. 2025ರ ಜುಲೈಯಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನ ವೀರಮಲೆ ಹೆದ್ದಾರಿಗೆ ಜರಿಯಿತು. ಇಂಥವಕ್ಕೆ ಲಾವಂಚ ಮದ್ದಲ್ಲ. ಮೇಲಿನ ಒಂದೆರಡು ಮೀಟರು ಮಣ್ಣು ತೊಳೆದು ಹೋಗುವುದನ್ನೂ ಜಾರುವುದನ್ನೂ ಅದು ತಡೆದೀತು, ಅಷ್ಟೆ. ದರೆಯನ್ನು ಓರೆಯಾಗಿ, ಮೆಟ್ಟಲು ಮೆಟ್ಟಲಾಗಿ ಕಡಿಸುವುದು, ಮೇಲ್ಗಡೆ ಕಣಿ ತೆಗೆದು ನೀರನ್ನು ಬೇರೆ ದಿಕ್ಕಿಗೆ ಕೊಡುವುದು, ಮನೆಗೂ ದರೆಗೂ ನಡುವೆ ಸಾಕಷ್ಟು ಜಾಗ ಬಿಡುವುದು ಮೊದಲಿನ ಕೆಲಸ. ಹುಲ್ಲಿನದು ಆ ಮೇಲಿನ ಸರದಿ. ಆದರೂ ಅಂಗಳದಂಚು, ಓಣಿಯ ಬದಿ, ಕೆರೆಯ ದಂಡೆ, ಹೊಸ ರಸ್ತೆಯ ತುಂಬುಮಣ್ಣು, ಶಾಲೆಯ ಆಟದ ಬಯಲಿನ ಕರೆ, ಹೀಗೆ ವರ್ಷ ವರ್ಷ ನಾವು ಕಳಕೊಳ್ಳುವ ಜಾಗಗಳೆಲ್ಲ ಅದರ ಅಳವಿಗೆ ನಿಲುಕುವಂಥವೇ.

ಬೆಳೆಸುವ ಕ್ರಮವನ್ನು ತುಸು ವಿವರವಾಗಿ ಹೇಳುತ್ತೇವೆ. ಒಂದು ವರ್ಷ ದಾಟಿದ ಬುಡವನ್ನು ಪಿಕ್ಕಾಸಿನಿಂದ ಸುತ್ತ ಬಿಡಿಸಿ ಎತ್ತಬೇಕು. ಕೈಯಿಂದ ಎಳೆದು ಕೀಳಹೋದರೆ ತೆಂಡೆ ಮುರಿಯುತ್ತದೆ, ಬೇರು ಬರುವುದಿಲ್ಲ. ಎತ್ತಿದ ಬುಡದ ಮಣ್ಣು ಕೊಡವಿ, ಕತ್ತಿಯಿಂದ ಸೀಳಿ, ಎರಡು ಮೂರು ತೆಂಡೆಗೆ ಒಂದರಂತೆ ಕಂದು ಮಾಡುವುದು. ಮೇಲಿನ ಎಲೆಯನ್ನು ಒಂದು ಗೇಣು ಉಳಿಸಿ, ಬೇರನ್ನು ನಾಲ್ಕು ಬೆರಳು ಉಳಿಸಿ ಕತ್ತರಿಸಬೇಕು. ಉದ್ದ ಬೇರು ಉಳಿಸಿದರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಹಳೆಯ ಬೇರು ಕುಳಿಯಲ್ಲಿ ಮಡಚಿಕೊಂಡು ಕೊಳೆಯುತ್ತದೆ, ಹಿಡಿಯುವುದು ಹೊಸ ಬೇರು. ಹೂ ಬಿಟ್ಟು ಕಬ್ಬಿನಂತೆ ಗಂಟಾದ ತೆಂಡೆಯನ್ನು ಬಿಟ್ಟು, ಎಳೆಯದನ್ನೇ ಆರಿಸಬೇಕು. ಕೂಡಲೇ ನೆಡುವುದಿಲ್ಲವಾದರೆ ಸೆಗಣಿನೀರಿನಲ್ಲಿ ಬುಡ ಮುಳುಗಿಸಿ ನೆರಳಿನಲ್ಲಿಟ್ಟರೆ ಕೆಲವು ದಿನ ತಡೆಯುತ್ತದೆ.

ಲೆಕ್ಕ ಹೇಗೆಂದರೆ: ನೀರು ಗೊಬ್ಬರ ಕಂಡ ನಮ್ಮ ಶಾಲೆಯ ಬುಡಗಳಲ್ಲಿ ವರ್ಷಕ್ಕೆ 30 ತೆಂಡೆಗೆ ಕಡಿಮೆ ಸಿಕ್ಕಿದ್ದಿಲ್ಲ. ಮೂರು ತೆಂಡೆಗೆ ಒಂದು ಕಂದಾದರೆ ಒಂದು ಬುಡಕ್ಕೆ 10 ಕಂದು. ಹತ್ತು ಬುಡವಿದ್ದವನಿಗೆ 100 ಕಂದು. 15 ಸೆಂಟಿಮೀಟರಿಗೆ ಒಂದರಂತೆ ಅದು 15 ಮೀಟರು ಸಾಲು. ನೆಡುವ ಅವಸರ ಮಾಡದೆ ಆ ನೂರನ್ನೂ ಇನ್ನೊಂದು ವರ್ಷ ಬೆಳೆಸಿದರೆ 1000 ಕಂದು, 150 ಮೀಟರು. ಏಳನೆಯ ತರಗತಿಯ ಮಕ್ಕಳು ಈ ಗುಣಾಕಾರವನ್ನು ಬಾಯಲ್ಲೇ ಮಾಡುತ್ತಾರೆ. ನರ್ಸರಿಯಲ್ಲಿ ಕಂದಿಗೆ ಇಷ್ಟೆಂದು ದುಡ್ಡು ಕೊಟ್ಟು ಸಾವಿರಗಟ್ಟಲೆ ತರಿಸುವ ದೊಡ್ಡವರು ಯಾಕೆ ಮಾಡುವುದಿಲ್ಲವೋ ತಿಳಿಯದು.

ಸಾಲು ಮಟ್ಟದ ಗೆರೆಯಲ್ಲಿ ಇರಬೇಕು, ಇಳಿಜಾರಿಗೆ ಅಡ್ಡ. ಮಟ್ಟ ಹಿಡಿಯಲು ಇಂಜಿನಿಯರರು ಬೇಡ. ಒಂದೇ ಉದ್ದದ ಎರಡು ಅಡಿಕೆ ಸಲಕೆಗಳನ್ನು ತುದಿಯಲ್ಲಿ ಕಟ್ಟಿ, ಕಾಲು ಅಗಲಿಸಿ, ನಡುವೆ ಅಡ್ಡಪಟ್ಟಿ ಹೊಡೆದು, ತುದಿಯಿಂದ ಕಲ್ಲು ಕಟ್ಟಿದ ನೂಲು ಇಳಿಬಿಟ್ಟರೆ ಸಾಕು. ನೂಲು ಅಡ್ಡಪಟ್ಟಿಯ ನಡುಗುರುತಿಗೆ ಬಂದಲ್ಲಿ ಎರಡು ಕಾಲೂ ಸಮಮಟ್ಟದಲ್ಲಿವೆ. ಹಾಗೆ ಹೆಜ್ಜೆ ಹೆಜ್ಜೆಯಾಗಿ ಗೂಟ ಹೊಡೆದುಕೊಂಡು ಹೋಗುವುದು. ಶಿಕ್ಷಕ ತರಬೇತಿಯಲ್ಲಿ ನಮಗೆ ಕೈಕೆಲಸದ ಪಾಠವೆಂದು ಕಾಗದದ ದೋಣಿ ಮಾಡಿಸಿದ್ದರು. ಈ ಸಲಕೆಯ ತ್ರಿಕೋಣವನ್ನು ಮಾಡಿಸಿದ್ದರೆ ರೇಖಾಗಣಿತವೂ ಕೃಷಿಯೂ ಕೂಡಿ ಬರುತ್ತಿತ್ತು.

ಎಲ್ಲಕ್ಕಿಂತ ಮುಖ್ಯ ಮಾತು ಎಡೆ ಬಿಡದಿರುವುದು. ನಮ್ಮ ಸಮೀಪದ ಒಂದು ರಸ್ತೆಯ ಬದಿಗೆ ಸಾರ್ವಜನಿಕ ಹಣದಿಂದ ಲಾವಂಚ ನೆಟ್ಟರು. ನೆಟ್ಟದ್ದು ಮಳೆ ಅರ್ಧ ಕಳೆದ ಮೇಲೆ, ಮಾರು ದೂರಕ್ಕೊಂದರಂತೆ, ಫೋಟೋ ತೆಗೆಯಲು ಅನುಕೂಲವಾದ ಕಡೆ. ಸತ್ತ ಬುಡದ ಜಾಗಕ್ಕೆ ಬೇರೆ ಇಡಲಿಲ್ಲ. ಮರುವರ್ಷ ನೀರೆಲ್ಲ ಆ ಎಡೆಗಳಲ್ಲೇ ಕೂಡಿ ಹರಿದು ಮೊದಲಿಗಿಂತ ಆಳದ ಕೊರಕಲು ಮಾಡಿತು. ಈಗ ಅಲ್ಲಿಯವರು ಲಾವಂಚದಿಂದ ಪ್ರಯೋಜನವಿಲ್ಲ ಎನ್ನುತ್ತಾರೆ. ಎಡೆಯಿರುವ ಬೇಲಿ ದನವನ್ನು ತಡೆಯದಿದ್ದರೆ ಬೇಲಿಯ ಗೂಟವನ್ನು ದೂರುವ ಕ್ರಮ ಎಲ್ಲಿಯೂ ಇಲ್ಲ. ನೆಟ್ಟ ಮೊದಲ ಎರಡು ವರ್ಷ ಎಡೆ ತುಂಬುವುದಕ್ಕೂ ಕಳೆ ತೆಗೆಯುವುದಕ್ಕೂ ಹಣ ತೆಗೆದಿಡದೆ ನೆಡುವ ಕೆಲಸವನ್ನು ಪಂಚಾಯತುಗಳು ಕೈಕೊಳ್ಳಲೇಬಾರದು ಎಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಬೇರು ಮಾರಿ ದುಡ್ಡು ಮಾಡಬಹುದಲ್ಲ ಎಂಬ ಪ್ರಶ್ನೆ ಬರುತ್ತದೆ. ಚಾವಕ್ಕಾಡು, ಪೊನ್ನಾನಿಯ ಕಡಲಕರೆಯ ಮರಳಿನಲ್ಲಿ ಬೇರಿಗಾಗಿಯೇ ಇದನ್ನು ಬೆಳೆಯುತ್ತಾರೆ. ಅಲ್ಲಿ ನೆಲ ಸಮತಟ್ಟು, ಮರಳಿನಿಂದ ಬೇರು ಸುಲಭವಾಗಿ ಬರುತ್ತದೆ. ನಮ್ಮ ದರೆಯ ಸಾಲನ್ನು ಅಗೆಯುವುದೆಂದರೆ ಕಟ್ಟಿದ ಪಾಗಾರದ ಕಲ್ಲು ಕಿತ್ತು ಮಾರಿದಂತೆ. ಬೇರು ಬೇಕಾದವರು ಮಟ್ಟಸ ನೆಲದಲ್ಲಿ ಬೇರೆಯೇ ಪಾತಿ ಮಾಡಿಕೊಳ್ಳಲಿ. ಸಾಲಿನಿಂದ ಸಿಗುವುದು ಸವರಿದ ಎಲೆ. ಎಳೆಯದಾದರೆ ದನ ತಿನ್ನುತ್ತದೆ, ಬಲಿತದ್ದು ಅಡಿಕೆ ಬುಡಕ್ಕೆ ಮುಚ್ಚಿಗೆಯಾಗುತ್ತದೆ. ಬೇಸಗೆಯಲ್ಲಿ ಗುಡ್ಡೆಗೆ ಬೆಂಕಿ ಬಿದ್ದು ಮೇಲಿನದೆಲ್ಲ ಸುಟ್ಟರೂ ಬುಡ ಮತ್ತೆ ಚಿಗುರುತ್ತದೆ. ನೆರಳನ್ನು ಮಾತ್ರ ಅದು ಸಹಿಸದು. ಅಡಿಕೆ ತೋಟದ ಒಳಗೆ ನೆಟ್ಟು ಸೊರಗಿತೆಂದು ದೂರಿ ಫಲವಿಲ್ಲ.

ಗುಡ್ಡೆಯ ಮೇಲಿರುವ ಪ್ರತಿಯೊಂದು ಶಾಲೆಯಲ್ಲೂ ಒಂದು ಸೆಂಟ್ಸು ಜಾಗದ ತಾಯಿಪಾತಿ ಇರಲಿ, ಪಂಚಾಯತು ಹೊರಗಿನ ಗುತ್ತಿಗೆದಾರರಿಂದ ಕಂದು ತರಿಸುವ ಬದಲು ಊರ ಮನೆಗಳಿಂದಲೂ ಶಾಲೆಗಳಿಂದಲೂ ಕೊಳ್ಳಲಿ ಎಂಬುದು ನಮ್ಮ ಬೇಡಿಕೆ. ಬುಡವಿರುವವರು ಮಾರ್ಚಿನಲ್ಲೇ ಕಂದು ಬಿಡಿಸಿ, ಗೊಬ್ಬರ ಮಣ್ಣು ತುಂಬಿದ ತೊಟ್ಟೆಗಳಿಗೆ ಹಾಕಿ, ದಿನಕ್ಕೊಮ್ಮೆ ನೀರು ಕೊಟ್ಟರೆ ರೋಹಿಣಿ ಮಳೆಗೆ ಬೇರು ತೊಟ್ಟೆ ತುಂಬಿರುತ್ತದೆ. ಮೃಗಶಿರಾ ಮಳೆ ನೆಲಕ್ಕೆ ಇಳಿದ ವಾರದಲ್ಲಿ ಸಾಲಿಗೆ ಇಡಬಹುದು.