ಹುಳುಮನೆಯ ಕಾವು ಯಾರ ಕೈಯಲ್ಲಿ?

ರೇಷ್ಮೆ ಸಾಕುವ ಮನೆಯಲ್ಲಿ ಬೆಳೆ ಕೆಡುವುದು ಹೆಚ್ಚಾಗಿ ಹಗಲಲ್ಲಲ್ಲ, ರಾತ್ರಿಯಲ್ಲಿ. ಹಗಲೆಲ್ಲ ಸೊಪ್ಪು ಕೊಯ್ದು, ಹೆಚ್ಚಿ, ಹಾಕಿ ದಣಿದ ಮನೆಮಂದಿ ಮಲಗಿದ ಮೇಲೆ ಕಾವು ಇಳಿಯುತ್ತದೆ. ಅದನ್ನು ನೋಡಿಕೊಳ್ಳಲು ಒಂದು ಸಣ್ಣ ಯಂತ್ರವನ್ನು ಮನೆಯಲ್ಲೇ ಕಟ್ಟಿಕೊಳ್ಳುವ ಕಾಲ ಬಂದಿದೆ ಎಂಬುದು ನಮ್ಮ ಅಭಿಪ್ರಾಯ.

ಹೊಸೂರಿನ ದಕ್ಷಿಣಕ್ಕಿರುವ ಕೆಲಮಂಗಲವನ್ನೇ ತೆಗೆದುಕೊಳ್ಳೋಣ. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ನಮ್ಮಂತೆಯೇ ಕನ್ನಡನಾಡಿನ ಹೊರಗೆ ಉಳಿದ ಕನ್ನಡ ಮನೆಗಳು ಆ ಸೀಮೆಯಲ್ಲಿವೆ. ಹಿಪ್ಪುನೇರಳೆ ಅಲ್ಲಿಯ ಮುಖ್ಯ ಬೆಳೆಗಳಲ್ಲೊಂದು. ಕೇಂದ್ರ ರೇಷ್ಮೆ ಮಂಡಳಿಯ ತಳಿ ಸಂರಕ್ಷಣಾ ಕೇಂದ್ರ ಇರುವುದೂ ಹೊಸೂರಿನಲ್ಲೇ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನೆಲ; ಮಾರ್ಗಶಿರ, ಪುಷ್ಯ ಮಾಸಗಳ ರಾತ್ರಿಗಳಲ್ಲಿ ಚಳಿ ಕೊರೆಯುತ್ತದೆ.

ಹುಳುವಿಗೆ ಬೇಕಾದ ಕಾವು ದಿನದಿನಕ್ಕೂ ಬೇರೆ. ಚಾಕಿ ಹುಳುವಿಗೆ 27-28 ಡಿಗ್ರಿ ಸೆಲ್ಸಿಯಸ್, ಗಾಳಿಯಲ್ಲಿ ಶೇ. 85ರಷ್ಟು ತೇವ. ಒಂದೊಂದು ಜ್ವರ ಕಳೆದಂತೆ ಕಾವು ಒಂದೊಂದು ಡಿಗ್ರಿ ಇಳಿಯಬೇಕು. ನಾಲ್ಕನೆಯ ಜ್ವರ ಎದ್ದ ಹುಳುವಿಗೆ 24 ಡಿಗ್ರಿ, ಶೇ. 70ರ ತೇವ ಸಾಕು. ತಣ್ಣಗಾದರೆ ಹುಳು ಮೇಯುವುದಿಲ್ಲ, ಜ್ವರ ಏಳುವುದು ತಡವಾಗುತ್ತದೆ. ಚಳಿಯೊಂದಿಗೆ ತೇವವೂ ಸೇರಿದರೆ ಸುಣ್ಣಕಟ್ಟು ರೋಗ. ಸೆಕೆ ಏರಿದರೆ ಸಪ್ಪೆರೋಗ. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲು ತಿಂದು ಮುಗಿಯುವುದು ಕೊನೆಯ ಹಂತದಲ್ಲಿ. ಆಗ ಬೆಳೆ ಕೆಟ್ಟರೆ ಹೋಗುವುದು ತಿಂಗಳ ದುಡಿಮೆ ಮಾತ್ರವಲ್ಲ, ತಂದ ಸಾಲವೂ ಹೌದು.

ಇದಕ್ಕೆ ಹಳೆಯ ಉಪಾಯ ಇದ್ದಿಲ ಒಲೆ ಮತ್ತು ಗೋಡೆಯ ಥರ್ಮಾಮೀಟರು. ಒಲೆ ಕಾವು ಕೊಡುತ್ತದೆ, ಜತೆಗೆ ಮುಚ್ಚಿದ ಮನೆಯಲ್ಲಿ ವಿಷಗಾಳಿಯನ್ನೂ ತುಂಬುತ್ತದೆ. ಥರ್ಮಾಮೀಟರು ನೋಡಿದವರಿಗಷ್ಟೇ ಹೇಳುತ್ತದೆ.

ಈಗ ಅಂಗೈಯಗಲದ ಗಣಕ ಸಿಗುತ್ತದೆ. 2012ರಲ್ಲಿ ಬ್ರಿಟನ್ನಿನ ಒಂದು ಸೇವಾಸಂಸ್ಥೆ ಮಕ್ಕಳು ಗಣಕ ಕಲಿಯಲೆಂದು 35 ಡಾಲರಿಗೆ ಹೊರತಂದ ರಾಸ್ಪ್‌ಬೆರಿ ಪೈ ಅಂಥದ್ದು. ಅದಕ್ಕೆ ಮೂರು ತಂತಿಯ ಡಿಎಸ್18ಬಿ20 ಎಂಬ ಸೆನ್ಸರನ್ನು ಜೋಡಿಸಿದರೆ ಅರ್ಧ ಡಿಗ್ರಿ ವ್ಯತ್ಯಾಸದೊಳಗೆ ಕಾವು ತಿಳಿಯುತ್ತದೆ. ಗಣಕ ಒಂದು ರಿಲೇಯ ಮೂಲಕ ಹೀಟರನ್ನು ಹೊತ್ತಿಸುತ್ತದೆ, ಆರಿಸುತ್ತದೆ. 24 ಡಿಗ್ರಿಗೆ ಹೊತ್ತಿಸು, 25ಕ್ಕೆ ಆರಿಸು ಎಂದು ಎರಡು ಅಂಕೆ ಕೊಡಬೇಕು. ಒಂದೇ ಅಂಕೆ ಕೊಟ್ಟರೆ ರಿಲೇ ಕ್ಷಣಕ್ಕೊಮ್ಮೆ ಟಕಟಕನೆ ಬಡಿದು ಬೇಗ ಸುಟ್ಟುಹೋಗುತ್ತದೆ.

ಕಾವು ಹಿಡಿದಿಡಲು ಅಂಗಡಿಯ ಅಗ್ಗದ ಥರ್ಮೋಸ್ಟಾಟ್ ಸಾಲದೇ ಎಂದು ಕೇಳಬಹುದು. ಅಷ್ಟಕ್ಕೇ ಆದರೆ ಸಾಕು. ಆದರೆ ಥರ್ಮೋಸ್ಟಾಟಿಗೆ ನೆನಪಿಲ್ಲ. ಈ ಗಣಕ ರಾತ್ರಿಯಿಡೀ ಐದೈದು ನಿಮಿಷಕ್ಕೆ ಕಾವು ಬರೆದಿಡುತ್ತದೆ; ಜ್ವರ ಏಳುತ್ತಿದ್ದಂತೆ ಅಂಕೆ ಬದಲಿಸಿಕೊಳ್ಳುತ್ತದೆ. ಈ ಸಲದ ಗೂಡು ಏಕೆ ಸೊರಗಿತು ಎಂಬ ಪ್ರಶ್ನೆ ಬಂದಾಗ ಹಣೆಬರಹವನ್ನು ದೂರುವ ಬದಲು ಯಾವ ರಾತ್ರಿ ಏನಾಯಿತೆಂದು ತೆಗೆದು ನೋಡಬಹುದು. ಕೊಂಡು ತಂದ ಮುಚ್ಚಿದ ಪೆಟ್ಟಿಗೆ ಕೆಟ್ಟರೆ ಪೇಟೆಗೇ ಓಡಬೇಕು. ತಾನೇ ಕಟ್ಟಿದ್ದನ್ನು ತಾನೇ ಬಿಚ್ಚಬಹುದು.

ಇಲ್ಲಿ ಎಚ್ಚರಿಕೆಯ ನಾಲ್ಕು ಮಾತು ಹೇಳದಿದ್ದರೆ ತಪ್ಪಾದೀತು. 2000 ವ್ಯಾಟಿನ ಹೀಟರು ಸುಮಾರು 9 ಆಂಪಿಯರ್ ಎಳೆಯುತ್ತದೆ. 10 ಆಂಪಿಯರ್ ಎಂದು ಬರೆದ ಸಣ್ಣ ರಿಲೇಯ ಮೇಲೆ ಅದನ್ನು ನೇರ ಹೇರಬಾರದು. ನಡುವೆ ಕಾಂಟ್ಯಾಕ್ಟರ್ ಇರಲಿ, 230 ವೋಲ್ಟಿನ ಕೆಲಸವನ್ನು ಬಲ್ಲ ಎಲೆಕ್ಟ್ರಿಷಿಯನ್ನೇ ಮಾಡಲಿ. ಸೆನ್ಸರಿನ ತಂತಿ ಕಡಿದರೆ ಹೀಟರು ಆರಬೇಕೇ ಹೊರತು ಉರಿಯುತ್ತಲೇ ಇರಬಾರದು. ಕರೆಂಟು ಬಂದೊಡನೆ ಈ ಸೆನ್ಸರು ಕೆಲವೊಮ್ಮೆ 85 ಡಿಗ್ರಿ ಎಂದು ಸುಳ್ಳು ಹೇಳುವುದುಂಟು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಗಣಕ ಕೈಕೊಟ್ಟರೂ ಕಾವು ಮಿತಿಮೀರದಂತೆ ಹೀಟರಿನ ದಾರಿಯಲ್ಲಿ ಬೇರೆಯೇ ಒಂದು ಕಟ್-ಔಟ್ ಇರಲಿ. ಕರೆಂಟು ಹೋದರೆ ಹೀಟರೂ ಇಲ್ಲ. ಆಗ ಮನೆಯವರನ್ನು ಎಬ್ಬಿಸುವ ಬ್ಯಾಟರಿಯ ಗಂಟೆಯೊಂದು ಬೇಕು.

ಇನ್ನೊಂದು ಮಾತು. ಯಂತ್ರಕ್ಕೆ ಅಂಕೆ ಹೇಳಿಕೊಡುವವರು ಯಾರು? ಹುಳು ಜ್ವರಕ್ಕೆ ಕೂತಿತೋ ಎದ್ದಿತೋ ಎಂದು ತಟ್ಟೆ ನೋಡಿದೊಡನೆ ಹೇಳಬಲ್ಲವರು ಮನೆಯ ಹೆಂಗಸರು. ಯಾವ ಸೆನ್ಸರಿಗೂ ಆ ಕಣ್ಣಿಲ್ಲ. ಆದ್ದರಿಂದ ಪರದೆಯ ಮೇಲೆ ಕಾಣುವ ಮಾತು ಅವರ ಮಾತೇ ಆಗಿರಬೇಕು. ‘ಎರಡನೇ ಜ್ವರ’, ‘ಹಣ್ಣು ಹುಳು’ ಎಂದು ಕನ್ನಡದಲ್ಲೇ ತೋರಿಸಲು ಈ ಗಣಕಕ್ಕೆ ಯಾವ ಅಡ್ಡಿಯೂ ಇಲ್ಲ. ಇಂಗ್ಲಿಷಿನ ಪರದೆಯಿಟ್ಟರೆ ಹುಳು ಬಲ್ಲವರು ದೂರ ನಿಲ್ಲುತ್ತಾರೆ, ಪರದೆ ಓದಬಲ್ಲ ಹುಡುಗನಿಗೆ ಹುಳುವಿನ ವಿಷಯ ಗೊತ್ತಿರುವುದಿಲ್ಲ.

ಈ ವಿಚಾರ ಕೆಲಮಂಗಲಕ್ಕಷ್ಟೇ ಸೇರಿದ್ದಲ್ಲ. ನಮ್ಮ ಜಿಲ್ಲೆಯಲ್ಲಿ ಹುಳುಮನೆ ಇಲ್ಲದಿರಬಹುದು. ಕೋಳಿಮೊಟ್ಟೆಗೆ 21 ದಿನ 37.5 ಡಿಗ್ರಿ ಕಾವು ಕೊಡುವ ಪೆಟ್ಟಿಗೆಗೂ, ಮಳೆಗಾಲದಲ್ಲಿ ಅಡಿಕೆ ಒಣಗಿಸುವ ಗೂಡಿಗೂ ವಿದ್ಯೆ ಇದೇ, ಅಂಕೆ ಮಾತ್ರ ಬೇರೆ. ಕೇರಳದ ಪ್ರೌಢಶಾಲೆಗಳಲ್ಲಿ 2018ರಿಂದ ಲಿಟ್ಲ್ ಕೈಟ್ಸ್ ಕೂಟಗಳಿವೆ. ಅಲ್ಲಿ ನಮ್ಮ ಮಕ್ಕಳು ದೀಪ ಮಿನುಗಿಸಿ ಚಪ್ಪಾಳೆ ಗಿಟ್ಟಿಸಿದರೆ ಸಾಲದು. ಈ ವರ್ಷ ಒಂದೊಂದು ಶಾಲೆ ಒಂದೊಂದು ಮನೆಯ ಕೆಲಸಕ್ಕೆ ಒದಗುವ ಯಂತ್ರ ಕಟ್ಟಲಿ, ಕಟ್ಟುವ ಬಗೆಯನ್ನು ಕನ್ನಡದಲ್ಲಿ ಬರೆದಿಡಲಿ. ಹಾಗೆ ಬರೆದಿಟ್ಟದ್ದು ಕೆಲಮಂಗಲದ ಮನೆಗೂ ತಲುಪೀತು. ಅಧ್ಯಾಪಕರೂ ಹೆತ್ತವರೂ ಮನಸ್ಸು ಮಾಡಬೇಕು.