ಪೂಜೆ ಸಾಲದು, ಆರೈಕೆ ಬೇಕು

'ನಿಂತ ಗಾಡಿ ಸವೆಯುವುದಿಲ್ಲ, ಆದ್ದರಿಂದ ಕೆಡುವುದೂ ಇಲ್ಲ' ಎಂಬ ಮಾತನ್ನು ಅಮೆರಿಕದಲ್ಲಿ ನೆಲೆಸಿರುವ ನಮ್ಮ ತರುಣರ ಬಾಯಲ್ಲಿ ಹಲವು ಬಾರಿ ಕೇಳಿದ್ದೇನೆ. ಈ ಮಾತಿನ ಮೊದಲರ್ಧ ನಿಜ. ಎರಡನೆಯ ಅರ್ಧ ಶುದ್ಧ ಸುಳ್ಳು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನಾಗಿ ಇದನ್ನು ಖಂಡಿಸದೆ ಸುಮ್ಮನಿರಲಾರೆ.

ಊರಿನ ಓದುಗರಿಗಾಗಿ ಎರಡು ಮಾತು. ಮಲಗುವ ಕೋಣೆ, ಅಡುಗೆಮನೆ, ಬಚ್ಚಲು ಎಲ್ಲವನ್ನೂ ಹೊತ್ತು ಸಾಗುವ ವಾಹನಕ್ಕೆ ಅಲ್ಲಿನವರು ಆರ್‌ವಿ ಎನ್ನುತ್ತಾರೆ. 2020ರ ಮಹಾಮಾರಿಯ ಕಾಲದಲ್ಲಿ ವಿಮಾನಕ್ಕೂ ಹೋಟೆಲಿಗೂ ಅಂಜಿದ ಜನ ಇದನ್ನು ಮುಗಿಬಿದ್ದು ಕೊಂಡರು. 2021ರಲ್ಲಿ ಕಾರ್ಖಾನೆಗಳಿಂದ ಹೊರಬಿದ್ದವು ಸುಮಾರು 6 ಲಕ್ಷ. ಕೊಂಡವರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ. ಬೇಸಿಗೆಯಲ್ಲಿ ನಾಲ್ಕು ವಾರ ತಿರುಗಾಟ. ಉಳಿದ ಕಾಲವೆಲ್ಲ ಮನೆಯ ಪಕ್ಕದಲ್ಲೋ ಬಾಡಿಗೆಯ ಬಯಲಿನಲ್ಲೋ ಅದಕ್ಕೆ ನಿದ್ರೆ. ಮಿನ್ನೆಸೋಟದಂಥ ರಾಜ್ಯದಲ್ಲಿ ಆ ನಿದ್ರೆಯ ಕಾಲಕ್ಕೆ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವುದುಂಟು.

ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಶೇಕಡಾ 9ರಷ್ಟು ಹೆಚ್ಚುತ್ತದೆ. ಇದು ಶಾಲೆಯಲ್ಲಿ ಕಲಿತ ಪಾಠ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರೇ ಇಂದು ತಮ್ಮ ವಾಹನದ ಕೊಳವೆಯಲ್ಲಿ ನೀರು ಬಿಟ್ಟು ಬೀಗ ಹಾಕುತ್ತಾರೆ! ವಸಂತ ಬಂದಾಗ ಗೋಡೆಯೊಳಗಿನ ಕೊಳವೆ ಬಿರಿದಿರುತ್ತದೆ, ಪಂಪು ಸೀಳಿರುತ್ತದೆ, ಸೋರಿದ ನೀರಿಗೆ ನೆಲದ ಹಲಗೆ ಕೊಳೆಯತೊಡಗುತ್ತದೆ.

ಮಾಡಬೇಕಾದದ್ದು ಏನು ಮಹಾ ವಿದ್ಯೆ? ತೊಟ್ಟಿಗಳನ್ನು ಬರಿದು ಮಾಡಬೇಕು. ನೀರು ಕಾಯಿಸುವ ಹಂಡೆಯನ್ನು ಆರಿಸಿ, ತಣಿಯಲು ಬಿಟ್ಟು, ಒತ್ತಡ ಇಳಿಸಿದ ಮೇಲೆ ಅದರ ಬಿರಡೆ ತೆಗೆದು ಖಾಲಿ ಮಾಡಬೇಕು. ಹಂಡೆಗೆ ಹೋಗುವ ದಾರಿ ಮುಚ್ಚಿ, ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವವನ್ನು ಪಂಪಿನಿಂದ ಎಳೆದು, ಒಂದೊಂದು ನಲ್ಲಿಯಲ್ಲೂ ಆ ಬಣ್ಣ ಕಾಣುವವರೆಗೆ ಬಿಡಬೇಕು. ಶೌಚಾಲಯವನ್ನೂ ವಾಹನದ ಹೊರಮೈಯಲ್ಲಿರುವ ಷವರನ್ನೂ ಮರೆಯಬಾರದು. ಬಹುಪಾಲು ಜನ ಮರೆಯುವುದು ಅದನ್ನೇ.

ಇಲ್ಲಿ ಹಣಕ್ಕಿಂತ ದೊಡ್ಡದೊಂದು ಅಪಾಯವಿದೆ. ಕುಡಿಯುವ ನೀರಿನ ಕೊಳವೆಗೆ ಸಲ್ಲುವುದು ಪ್ರೊಪಿಲೀನ್ ಗ್ಲೈಕಾಲ್ ಬಳಸಿ ಅದಕ್ಕೆಂದೇ ತಯಾರಿಸಿದ ದ್ರವ. ಕಾರಿನ ರೇಡಿಯೇಟರಿಗೆ ಸುರಿಯುವ ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿ, ಪರಿಣಾಮ ಮೂತ್ರಪಿಂಡದ ನಾಶ. 'ಮನೆಯಲ್ಲಿ ಒಂದು ಡಬ್ಬ ಉಳಿದಿತ್ತು, ಅದನ್ನೇ ಹಾಕಿದೆ' ಎಂದು ಒಬ್ಬ ಎಂಜಿನಿಯರ್ ಮಹಾಶಯರು ನನ್ನೆದುರೇ ನಗುತ್ತ ಹೇಳಿದರು. ಅದೇ ನಲ್ಲಿಯ ನೀರನ್ನು ಬೇಸಿಗೆಯಲ್ಲಿ ಅವರ ಮೊಮ್ಮಗು ಕುಡಿಯಬೇಕಲ್ಲವೇ? ಇದನ್ನು ಸೋಮಾರಿತನ ಎಂದರೆ ಮೃದುವಾದೀತು, ಇದು ಅಪರಾಧ.

ಉಳಿದ ಕೆಲಸವೂ ಇಷ್ಟೇ ಸರಳ. ಸೀಸದ ಬ್ಯಾಟರಿ ಪೂರ್ತಿ ತುಂಬಿದ್ದರೆ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೆಪ್ಪುಗಟ್ಟದು. ಬರಿದಾಗಿದ್ದರೆ ಸುಮಾರು 7 ಡಿಗ್ರಿ ಕೆಳಗೇ ಗಡ್ಡೆಯಾಗಿ ಒಡೆಯಬಹುದು. ಆದ್ದರಿಂದ ತುಂಬಿಸಿ, ತಂತಿ ಕಳಚಿ ಇಡಬೇಕು. ಅನಿಲದ ಸಿಲಿಂಡರಿನ ಕವಾಟ ಮುಚ್ಚಬೇಕು. ಫ್ರಿಜ್ಜನ್ನು ಒರೆಸಿ ಬಾಗಿಲು ಓರೆ ಮಾಡಿರಬೇಕು, ಇಲ್ಲವಾದರೆ ಬೂಷ್ಟು. ಇಲಿಗೆ ಕಿರುಬೆರಳು ಹೋಗುವಷ್ಟು ಸಂದು ಸಾಕು. ಅದನ್ನು ಉಕ್ಕಿನ ನಾರಿನಿಂದ ತುರುಕಿ ಮುಚ್ಚದಿದ್ದರೆ ವಿದ್ಯುತ್ ತಂತಿಗಳೆಲ್ಲ ಅದರ ಪಾಲು. ಟೈರಿಗೆ ಬಿಸಿಲು ತಾಗದಂತೆ ಹೊದಿಕೆ ಬೇಕು. ಇನ್ನು ನೀಲಿ ಟಾರ್ಪಾಲು ಹೊದಿಸಿ ಹಗ್ಗ ಬಿಗಿದು ಕರ್ತವ್ಯ ಮುಗಿಯಿತೆನ್ನುವವರಿಗೆ ಏನು ಹೇಳೋಣ? ಅದು ತೇವವನ್ನು ಒಳಗೇ ಹಿಡಿಯುತ್ತದೆ, ಗಾಳಿಗೆ ಬಡಿಬಡಿದು ಬಣ್ಣ ಕೆರೆಯುತ್ತದೆ. ಗಾಳಿಯಾಡುವ ಹೊದಿಕೆಯೇ ಬೇಕು.

'ಸಮಯವೆಲ್ಲಿದೆ ಸಾರ್?' ಎನ್ನುತ್ತಾರೆ. ಒಂದು ಶನಿವಾರ ಸಾಕು. ಅದೂ ಇಲ್ಲವೆಂದರೆ ದುಡ್ಡು ಕೊಟ್ಟು ಮಾಡಿಸಿ, ಆಕ್ಷೇಪವಿಲ್ಲ. ಆದರೆ ಏನು ಮಾಡಿದರು ಎಂದು ನಿಂತು ನೋಡಿ. ನೋಡುವುದಕ್ಕೂ ಮನಸ್ಸಿಲ್ಲದಿದ್ದರೆ ಕೊಳ್ಳಬೇಡಿ, ಬಾಡಿಗೆಗೆ ಪಡೆಯಿರಿ. ನನ್ನ ಅನುಮಾನ ಬೇರೆ: ಕೊರತೆ ಸಮಯದ್ದಲ್ಲ. ಓದಿದವನು ಕೈ ಕೊಳೆ ಮಾಡಿಕೊಳ್ಳಬಾರದೆಂಬ ನಮ್ಮ ಹಳೆಯ ರೋಗ ಸಮುದ್ರ ದಾಟಿಯೂ ವಾಸಿಯಾಗಿಲ್ಲ. ಪಕ್ಕದ ಮನೆಯ ಅಮೆರಿಕನ್ ವೈದ್ಯರು ತಮ್ಮ ವಾಹನದಡಿ ಅಂಗಾತ ಮಲಗಿ ಬಿರಡೆ ತಿರುಗಿಸುವಾಗ, ನಮ್ಮವರು ಕಿಟಕಿಯಿಂದ ನೋಡಿ ಮುಗುಳ್ನಗುತ್ತಾರೆ.

ನಮ್ಮ ರೈತ ಹೀಗಿರಲಿಲ್ಲ. ಮಳೆಗಾಲಕ್ಕೆ ಗಾಡಿಯನ್ನು ಕೊಟ್ಟಿಗೆಗೆ ಎಳೆದು, ಅಚ್ಚಿಗೆ ಕೀಲೆಣ್ಣೆ ಹಾಕಿ, ಚಕ್ರ ಹಸಿನೆಲಕ್ಕೆ ತಾಗದಂತೆ ಕಲ್ಲು ಕೊಡುತ್ತಿದ್ದ. ಅವನಿಗೆ ಯಾವ ಪದವಿಯೂ ಇರಲಿಲ್ಲ.

ವಿಚಿತ್ರವೆಂದರೆ, ಅಲ್ಲಿ ಮೊದಲ ಹಿಮ ಸಮೀಪಿಸುವ ಹೊತ್ತಿಗೇ ನಮ್ಮ ಆಯುಧಪೂಜೆಯೂ ಬರುತ್ತದೆ. ಹೂವಿನ ಹಾರ, ಕುಂಕುಮ, ಚಕ್ರದಡಿ ನಿಂಬೆಹಣ್ಣು ಎಲ್ಲವೂ ಸಾಂಗವಾಗಿ ನಡೆಯುತ್ತವೆ. ಫೋಟೋ ಊರಿಗೆ ಬರುತ್ತದೆ. ಕೊಳವೆಯಲ್ಲಿ ಮಾತ್ರ ನೀರು ನಿಂತೇ ಇರುತ್ತದೆ. ಪೂಜೆ ಬೇಡವೆಂದು ನಾನು ಹೇಳುತ್ತಿಲ್ಲ. ಆಯುಧವನ್ನು ತೊಳೆದು, ತಿಕ್ಕಿ, ಎಣ್ಣೆ ಸವರಿ ಇಡುವುದೇ ಆ ಹಬ್ಬದ ಮೊದಲ ಭಾಗ, ಕುಂಕುಮ ಅನಂತರದ್ದು. ಈ ವರ್ಷ ನಿಂಬೆಹಣ್ಣು ತರುವ ಮೊದಲು ತೊಟ್ಟಿಯ ಬಿರಡೆ ತೆಗೆಯಿರಿ.