ನಮ್ಮ ನೆರಳಿಗೆ ನಮ್ಮದೇ ಹೆಸರು



ಪಕ್ಷದ ವಾರಪತ್ರಿಕೆಯಲ್ಲಿ ಮಾಂತ್ರಿಕರ ಕತೆಗೇನು ಕೆಲಸ ಎಂದು ನಮ್ಮ ಸಂಗಾತಿಯೊಬ್ಬರು ಕೇಳಿದರು. ಬೋನಸ್ಸಿನ ಲೆಕ್ಕ, ಪಾಳಿಯ ತಕರಾರು, ಅಂಗಡಿಯವರ ತೆರಿಗೆಯ ಗೋಳು ಇವುಗಳಿಗೇ ಪುಟ ಸಾಲದಿರುವಾಗ ಇದೇಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಹೇಳುವ ಮುನ್ನ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಒಂದು ಸಭೆಯಲ್ಲಿ ನೂಲುವ ಖಾತೆಯ ಹಿರಿಯ ಬದಲಿ ಕಾರ್ಮಿಕರೊಬ್ಬರು ಮಾತಾಡಲು ಎದ್ದು ನಿಂತರು. 'ಬಂಡವಾಳಶಾಹಿ' ಎಂಬ ಪದ ಅವರ ನಾಲಿಗೆಗೆ ಹೊರಳಲಿಲ್ಲ. ಮೇಷ್ಟರ ಕೆಲಸ ಬಿಟ್ಟು ಬಂದರೂ ಮೇಷ್ಟರ ಚಾಳಿ ಬಿಡದ ನಾವು ಅವರನ್ನು ತಡೆದು, ಆ ಪದವನ್ನು ಮೂರು ಸಲ ಹೇಳಿಸಿದೆವು. ಸಭೆ ನಕ್ಕಿತು. ಅವರು ಹೇಳಬಂದದ್ದನ್ನು ಹೇಳದೆಯೇ ಕುಳಿತರು. ಮುಂದಿನ ಸಭೆಗೆ ಬರಲೇ ಇಲ್ಲ. ಇವರಿಗೆಲ್ಲ ಚಳವಳಿಯ ಶ್ರದ್ಧೆ ಸಾಲದು ಎಂದು ನಾವು ಷರಾ ಬರೆದು ಸುಮ್ಮನಾದೆವು.

ಅದೇ ದಿನಗಳಲ್ಲಿ, ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು ಒಂದು ಇಂಗ್ಲಿಷ್ ಕಾದಂಬರಿಯನ್ನು ಓದಿದೆವು. 'ಎ ವಿಜಾರ್ಡ್ ಆಫ್ ಅರ್ಥ್‌ಸೀ' ಎಂದು ಅದರ ಹೆಸರು. ಬರೆದವರು ಅಮೆರಿಕದ ಅರ್ಸುಲಾ ಲೆ ಗ್ವಿನ್. ಅವರು 1929ರಲ್ಲಿ ಹುಟ್ಟಿ 2018ರಲ್ಲಿ ತೀರಿಕೊಂಡರು. ಪುಸ್ತಕ ಹೊರಬಂದದ್ದು 1968ರಲ್ಲಿ.

ಕತೆ ಇಷ್ಟು. ನೂರಾರು ದ್ವೀಪಗಳ ಒಂದು ಕಲ್ಪಿತ ಲೋಕ. ಅದರಲ್ಲಿ ಗೆಡ್ ಎಂಬ ಹುಡುಗ. ಹಳ್ಳಿಯ ಕಂಚುಗಾರನ ಮಗ, ತಾಯಿಯಿಲ್ಲದ ತಬ್ಬಲಿ, ಆಡು ಕಾಯುತ್ತಿದ್ದವನು. ಹುಟ್ಟಿನಿಂದಲೇ ಬಂದ ಶಕ್ತಿಯಿಂದಾಗಿ ರೋಕ್ ದ್ವೀಪದ ದೊಡ್ಡ ವಿದ್ಯಾಶಾಲೆಗೆ ಸೇರುತ್ತಾನೆ. ಅಲ್ಲಿ ಜಾಸ್ಪರ್ ಎಂಬ ಧಣಿಗಳ ಮನೆಯ ಹುಡುಗ ಇವನ ಆಡುಕಾಯುವ ಹುಟ್ಟನ್ನು ಎತ್ತಿ ಆಡುತ್ತಾನೆ. ಅಪಮಾನ ನುಂಗಲಾರದೆ, ತಾನೇನು ಎಂಬುದನ್ನು ತೋರಿಸಿಬಿಡಬೇಕೆಂಬ ಹಟದಲ್ಲಿ, ಗೆಡ್ ಸತ್ತವರ ಲೋಕದಿಂದ ಒಂದು ಜೀವವನ್ನು ಕರೆಯುತ್ತಾನೆ. ಅದರ ಬೆನ್ನಿಗೇ ಒಂದು ಕಪ್ಪು ನೆರಳು ಹೊರಬಿದ್ದು ಅವನ ಮುಖವನ್ನು ಸೀಳುತ್ತದೆ. ಲೋಕಕ್ಕೆ ಬಿದ್ದ ಆ ಬಿರುಕನ್ನು ಮುಚ್ಚುವುದರಲ್ಲಿ ವಿದ್ಯಾಶಾಲೆಯ ಹಿರಿಯ ಗುರು ಪ್ರಾಣ ಬಿಡುತ್ತಾನೆ.

ಅಲ್ಲಿಂದ ಗೆಡ್ ಓಡುತ್ತಾನೆ. ನೆರಳು ಅಟ್ಟಿಸಿಕೊಂಡು ಬರುತ್ತದೆ. ಓಡಿದಷ್ಟೂ ಅದು ಬಲಿಯುತ್ತದೆ. ಕೊನೆಗೆ ಅವನ ಮೊದಲ ಗುರು ಓಗಿಯನ್, ಓಡುವುದನ್ನು ಬಿಟ್ಟು ಹಿಂದಿರುಗಿ ಅದನ್ನೇ ಬೆನ್ನಟ್ಟು ಎಂದು ಬುದ್ಧಿ ಹೇಳುತ್ತಾನೆ. ಆ ಲೋಕದಲ್ಲಿ ಯಾವುದರ ನಿಜನಾಮ ತಿಳಿಯಿತೋ ಅದು ಕೈವಶವಾಯಿತು ಎಂದು ಅರ್ಥ. ಸಮುದ್ರದ ತುದಿಯಲ್ಲಿ ನೆರಳು ಎದುರಾದಾಗ ಗೆಡ್ ಅದನ್ನು ಹೆಸರು ಹಿಡಿದು ಕರೆಯುತ್ತಾನೆ. ಅವನು ಕರೆದದ್ದು ತನ್ನದೇ ಹೆಸರನ್ನು. ಅಲ್ಲಿ ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಮನುಷ್ಯನೊಬ್ಬ ಇಡಿಯಾದ.

ಇದನ್ನು ಓದಿ ಮುಚ್ಚಿಟ್ಟ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಹಳ್ಳಿಯಿಂದ ಪೇಟೆಯ ಹೈಸ್ಕೂಲಿಗೆ ಬಂದ ವರ್ಷ ನಾವು 'ಹಾಲು' ಎನ್ನಲಾರದೆ 'ಆಲು' ಎನ್ನುತ್ತಿದ್ದೆವು. ತರಗತಿ ತರಗತಿಯೇ ನಗುತ್ತಿತ್ತು. ಆ ಹುಡುಗನನ್ನು ನಾವು ವರ್ಷಗಟ್ಟಲೆ ಬಚ್ಚಿಟ್ಟಿದ್ದೆವು. ಅಂದು ಸಭೆಯಲ್ಲಿ ಎದ್ದು ನಿಂತ ಹಿರಿಯರಲ್ಲಿ ನಮಗೆ ಕಂಡದ್ದು ಅವನೇ. ನಮ್ಮ ನಾಚಿಕೆಯನ್ನು ನಾವು ಒಪ್ಪಿಕೊಳ್ಳದೆ ಇನ್ನೊಬ್ಬರ ತಲೆಗೆ ಕಟ್ಟಿದೆವು. ಗೆಡ್‌ನ ನೆರಳು ಬೇರೆಯಲ್ಲ, ಇದು ಬೇರೆಯಲ್ಲ.

ಮರುದಿನ ಅವರ ಮನೆಗೆ ಹೋಗಿ, "ಯಜಮಾನ್ರೇ, ಅವತ್ತು ನಮ್ಮದು ತಪ್ಪಾಯಿತು" ಎಂದೆವು. ಅವರು ಚಾಪೆ ಹಾಸಿದರು. ಬಹಳ ಹೊತ್ತಿನ ಮೇಲೆ, "ಹೋಗ್ಲಿ ಬಿಡ್ರಿ ಮೇಷ್ಟ್ರೇ. ನಾನು ಹೇಳಾಕೆ ಬಂದಿದ್ದು ಇಷ್ಟೇ. ನಿಮ್ಮ ಬೇಡಿಕೆ ಪಟ್ಟಿಯಾಗೆ ಬದಲಿಗಳ ಹೆಸರೇ ಇಲ್ಲ" ಎಂದರು. ಪಟ್ಟಿ ತೆಗೆದು ನೋಡಿದೆವು. ಹನ್ನೊಂದು ಬೇಡಿಕೆಗಳಿದ್ದವು. ಬೆಳಗಿನ ಜಾವದಿಂದ ಗೇಟಿನಲ್ಲಿ ಕಾದು, ಕೆಲಸ ಸಿಗದೆ ಬರಿಗೈಯಲ್ಲಿ ಹಿಂದಿರುಗುವವರ ಮಾತು ಒಂದರಲ್ಲಿಯೂ ಇರಲಿಲ್ಲ. ಒಂದು ಪದದ ಉಚ್ಚಾರ ತಿದ್ದಲು ಹೋಗಿ ಆ ಮಾತನ್ನೇ ಕಳೆದುಕೊಂಡಿದ್ದೆವು. ಈಗ ಪಟ್ಟಿಯಲ್ಲಿ ಹನ್ನೆರಡನೆಯ ಬೇಡಿಕೆಯಿದೆ. ಅದನ್ನು ಸಭೆಯ ಮುಂದಿಟ್ಟವರು ಅವರೇ. ಯಾರೂ ನಗಲಿಲ್ಲ.

ಲೇಖಕಿ ಇನ್ನೊಂದು ಕೆಲಸ ಮಾಡಿದ್ದಾರೆ. ಅವರ ನಾಯಕ ಬಿಳಿಯನಲ್ಲ, ಕೆಂಗಂದು ಮೈಬಣ್ಣದವನು. ಅವನ ಆಪ್ತ ಗೆಳೆಯ ವೆಚ್ ಕಪ್ಪು ಮೈಬಣ್ಣದವನು. ಗೆಡ್‌ನ ಮುಖಕ್ಕೆ ಗಾಯವಾಗಿ, ಹೆಮ್ಮೆಯೆಲ್ಲ ಮಣ್ಣಾಗಿ ಕುಳಿತಾಗ ತನ್ನ ನಿಜನಾಮವನ್ನು ಅವನಿಗೆ ಹೇಳಿ ಜೀವವನ್ನೇ ಅವನ ಕೈಗಿಟ್ಟವನು ವೆಚ್. ಈ ಪುಸ್ತಕ ಬಂದ 1968ರಲ್ಲಿಯೇ ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದರು. ಬಳಿಕವೂ ಎಷ್ಟೋ ಮುದ್ರಣಗಳ ರಕ್ಷಾಪುಟದಲ್ಲಿ ಗೆಡ್‌ನನ್ನು ಬಿಳಿಯನನ್ನಾಗಿಯೇ ಬರೆದರು. 2004ರಲ್ಲಿ ದೂರದರ್ಶನಕ್ಕಾಗಿ ತಯಾರಿಸಿದಾಗಲೂ ಆ ಪಾತ್ರಕ್ಕೆ ಬಿಳಿಯ ನಟನನ್ನೇ ಹಾಕಿದರು. ಲೇಖಕಿ ಬಹಿರಂಗವಾಗಿ ಪ್ರತಿಭಟಿಸಿದರು. ಪುಸ್ತಕ ಮಾರುವವರಿಗೂ ತಮ್ಮ ನೆರಳು ಕಾಣುವುದಿಲ್ಲ!

ಇಲ್ಲಿ ಸಂಗಾತಿಗಳು ಇನ್ನೊಂದು ಆಕ್ಷೇಪ ಎತ್ತಬಹುದು. ನಿನ್ನನ್ನು ನೀನು ಒಪ್ಪಿಕೋ ಎಂದರೆ ನಿನ್ನ ಬಡತನವನ್ನೂ ಒಪ್ಪಿಕೋ ಎಂದಂತಲ್ಲವೇ? ಧಣಿಗಳು ಹೇಳುತ್ತ ಬಂದದ್ದೂ ಅದನ್ನೇ ಅಲ್ಲವೇ? ಅಲ್ಲ ಎಂದು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಮನುಷ್ಯನನ್ನು ಒಪ್ಪುವುದು ಬೇರೆ, ವ್ಯವಸ್ಥೆಯನ್ನು ಒಪ್ಪುವುದು ಬೇರೆ. ಗೆಡ್ ಮನೆಯಲ್ಲಿ ಕುಳಿತು ನೆರಳಿನೊಡನೆ ರಾಜಿ ಮಾಡಿಕೊಳ್ಳಲಿಲ್ಲ. ಸಮುದ್ರ ದಾಟಿ ಅದನ್ನು ಹಿಡಿದ. ಇದೇ ಲೇಖಕಿ 2014ರಲ್ಲಿ ಅಮೆರಿಕದ ದೊಡ್ಡ ಸಾಹಿತ್ಯ ಗೌರವವೊಂದನ್ನು ಸ್ವೀಕರಿಸುತ್ತ, ಬಂಡವಾಳಶಾಹಿಯ ಹಿಡಿತ ಅಲುಗಾಡದ್ದೆಂದು ಇಂದು ಕಾಣುವಂತೆ ರಾಜರ ದೈವದತ್ತ ಅಧಿಕಾರವೂ ಒಂದು ಕಾಲಕ್ಕೆ ಕಾಣುತ್ತಿತ್ತು ಎಂಬ ಅರ್ಥದ ಮಾತನ್ನು ಪ್ರಕಾಶಕರ ಎದುರಿಗೇ ಆಡಿದರು. ಇದು ತಲೆಬಾಗುವವರ ಮಾತಲ್ಲ.

ಖಾಯಂ ನೌಕರ ಬದಲಿಯವನನ್ನು ಕೀಳಾಗಿ ಕಾಣುತ್ತಾನೆ. ಬದಲಿಯವನು ಗುತ್ತಿಗೆಯವನನ್ನು ಕಾಣುತ್ತಾನೆ. ಸಗಟು ವ್ಯಾಪಾರಿಯ ಮುಂದೆ ಕೈಕಟ್ಟಿ ನಿಂತು ಬಂದ ಚಿಲ್ಲರೆ ಅಂಗಡಿಯವರು, ಉದ್ರಿ ಕೇಳಲು ಬಂದ ಹೆಂಗಸಿನ ಮೇಲೆ ಸಿಡುಕುತ್ತಾರೆ. ಮೇಲಿನಿಂದ ಬಂದ ಅಪಮಾನವನ್ನು ಕೆಳಕ್ಕೆ ಸಾಗಿಸುವ ಈ ಸರಪಳಿಯನ್ನು ನಡುವೆ ಎಲ್ಲಿಯಾದರೂ ಒಬ್ಬರು ತುಂಡರಿಸಬೇಕು. ಅದಕ್ಕೆ ನಿರ್ಣಯ ಪಾಸು ಮಾಡಿದರೆ ಸಾಲದು. ಇದು ನನ್ನದೇ ನೆರಳು ಎನ್ನುವ ಧೈರ್ಯ ಬೇಕು. ಆ ಧೈರ್ಯ ಈ ಸಲ ನಮಗೆ ಬಂದದ್ದು ಒಂದು ಮಾಂತ್ರಿಕನ ಕತೆಯಿಂದ. ಎಲ್ಲಿಂದ ಬಂದರೂ ಬರಲಿ, ಸಂಘಕ್ಕೆ ಅದು ಬೇಕಾಗಿದೆ.